ಚಾರ್ಲ್ಸ್ ಕೊರಿಯಾ: ಬಡವರ ಮನೆಗೂ ಅಂಗಳ ಬೇಕೆಂದ ವಾಸ್ತುಶಿಲ್ಪಿ

ಚಾರ್ಲ್ಸ್ ಕೊರಿಯಾ (1930-2015) ಸ್ವತಂತ್ರ ಭಾರತದ ಪ್ರಮುಖ ವಾಸ್ತುಶಿಲ್ಪಿ ಹಾಗೂ ನಗರ ಯೋಜಕರು. ಸಿಕಂದರಾಬಾದ್‌ನಲ್ಲಿ ಜನಿಸಿದ ಅವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ ಮತ್ತು ಎಂಐಟಿಯಲ್ಲಿ ಓದಿ, 1958ರಲ್ಲಿ ಮುಂಬೈಯಲ್ಲಿ ಸ್ವಂತ ಕಚೇರಿ ಆರಂಭಿಸಿದರು.

ಮೊದಲ ಹೆಸರು
ಸಬರಮತಿ ಆಶ್ರಮದ ಗಾಂಧಿ ಸಂಗ್ರಹಾಲಯ (1963) ಅವರಿಗೆ ಹೆಸರು ತಂದ ಮೊದಲ ಕಟ್ಟಡ. ಇಟ್ಟಿಗೆಯ ಕಂಬ, ಹೆಂಚಿನ ಮಾಡು, ನಡುವೆ ನೀರಿನ ಕೊಳ. ಕಿಟಕಿಗಳಿಗೆ ಗಾಜಿಲ್ಲ, ಗಾಳಿ ಬೆಳಕು ಮರದ ಪಟ್ಟಿಗಳ ನಡುವಿನಿಂದಲೇ ಬರುತ್ತವೆ.

ಅಂಗಳವೂ ಒಂದು ಕೋಣೆ
ನಮ್ಮ ಹವೆಯಲ್ಲಿ ಅಡುಗೆ, ಹರಟೆ, ನಿದ್ದೆ ಎಲ್ಲಕ್ಕೂ ಬಯಲು ಒದಗುತ್ತದೆ. ಆದ್ದರಿಂದ ಚಿಕ್ಕ ಮನೆಯವರಿಗೆ ಅಂಗಳವೇ ಇನ್ನೊಂದು ಕೋಣೆ ಎಂಬುದು ಕೊರಿಯಾ ಅವರ ವಾದ. ಮುಂಬೈಯ ಶ್ರೀಮಂತರಿಗಾಗಿ ಕಟ್ಟಿದ ಕಾಂಚನಜುಂಗಾ ಗೋಪುರದಲ್ಲಿ (1983) ಎರಡು ಅಂತಸ್ತು ಎತ್ತರದ ತೆರೆದ ತಾರಸಿ ತೋಟಗಳನ್ನಿಟ್ಟ ಅವರು, ಅದೇ ದಶಕದಲ್ಲಿ ನವಿ ಮುಂಬೈಯ ಬೇಲಾಪುರದ ಆರ್ಟಿಸ್ಟ್ಸ್ ವಿಲೇಜ್‌ನಲ್ಲಿ ಕಡಿಮೆ ಆದಾಯದವರಿಗೂ ಅಂಗಳ ಕೊಟ್ಟರು. ಅಲ್ಲಿ ಏಳು ಮನೆಗಳಿಗೆ ಒಂದು ಸಾಮೂಹಿಕ ಅಂಗಳ. ನಿವೇಶನದ ಅಳತೆ 45ರಿಂದ 75 ಚದರ ಮೀಟರ್. ಬಡವರಿಗೂ ಉಳ್ಳವರಿಗೂ ಹೆಚ್ಚಿನ ಅಂತರವಿಲ್ಲ. ನೆರೆಮನೆಗೆ ಗೋಡೆ ಅಂಟಿಲ್ಲದ ಕಾರಣ ಕೈಯಲ್ಲಿ ಕಾಸು ಸೇರಿದಾಗ ಮನೆ ವಿಸ್ತರಿಸಿಕೊಳ್ಳಬಹುದಿತ್ತು. ಇಂದು ಹಲವು ಮನೆಗಳು ಮೂಲರೂಪದಲ್ಲಿಲ್ಲ. ಆದರೆ ಬದಲಾವಣೆಗೆ ಜಾಗ ಬಿಟ್ಟದ್ದೇ ಆ ವಿನ್ಯಾಸದ ಉದ್ದೇಶವಾಗಿತ್ತು.

ನಗರದ ಚಿಂತೆ
ಮುಂಬೈಯ ಒತ್ತಡ ತಗ್ಗಿಸಲು ಖಾರಿಯಾಚೆ ಹೊಸ ನಗರ ಕಟ್ಟಬೇಕೆಂದು 1960ರ ದಶಕದಲ್ಲಿ ಪ್ರವೀಣಾ ಮೆಹ್ತಾ ಮತ್ತು ಶಿರೀಷ್ ಪಟೇಲ್ ಜೊತೆ ಸೇರಿ ಸೂಚಿಸಿದವರು ಅವರೇ. 1970ರಿಂದ 1975ರವರೆಗೆ ನವಿ ಮುಂಬೈಯ ಮುಖ್ಯ ವಾಸ್ತುಶಿಲ್ಪಿಯಾಗಿದ್ದರು. 1985ರಲ್ಲಿ ರಾಷ್ಟ್ರೀಯ ನಗರೀಕರಣ ಆಯೋಗದ ಅಧ್ಯಕ್ಷರಾದರು. 1996ರಲ್ಲಿ ಮುಂಬೈಯ ಗಿರಣಿ ಜಮೀನುಗಳ ಅಧ್ಯಯನ ಸಮಿತಿಯ ನೇತೃತ್ವ ವಹಿಸಿ, ಮೈದಾನ ಮತ್ತು ಅಗ್ಗದ ವಸತಿಗೂ ಪಾಲು ಸಿಗುವ ಸಮಗ್ರ ಯೋಜನೆ ಕೊಟ್ಟರು. ಅದು ಜಾರಿಗೆ ಬರಲಿಲ್ಲ. 2001ರ ನಿಯಮ ತಿದ್ದುಪಡಿಯ ಬಳಿಕ ಸಾರ್ವಜನಿಕರ ಪಾಲು ಬಹಳ ಕುಗ್ಗಿತು. ಪರೇಲ್‌ನಲ್ಲಿ ಇಂದು ಗಾಜಿನ ಗೋಪುರಗಳಿವೆ.

ಕರ್ನಾಟಕದಲ್ಲಿ
ಬೆಂಗಳೂರಿನ ವಿಶ್ವೇಶ್ವರಯ್ಯ ಕೇಂದ್ರ ಹಾಗೂ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಅವರ ವಿನ್ಯಾಸಗಳು.

ಗೌರವಗಳು
ಪದ್ಮಶ್ರೀ (1972), ಬ್ರಿಟನ್ನಿನ ರಾಯಲ್ ಗೋಲ್ಡ್ ಮೆಡಲ್ (1984), ಪದ್ಮವಿಭೂಷಣ (2006). 2015ರ ಜೂನ್ 16ರಂದು ಮುಂಬೈಯಲ್ಲಿ ನಿಧನರಾದರು.