ಸನಾದಿಯೂ ವಾದ್ಯವೃಂದವೂ: ಜಿ. ಕೆ. ವೆಂಕಟೇಶರ ಸಂಗೀತದ ಒಂದು ಮುಖ

ಭಾಲ್ಕಿಯ ಕಡೆಯ ಮದುವೆಯ ಚಪ್ಪರಗಳಲ್ಲಿ ಸನಾದಿಯ ನುಡಿ ಯಾರಿಗೂ ಹೊಸತಲ್ಲ. ಆ ವಾದ್ಯವು ಚಲನಚಿತ್ರದ ತುಂಬು ವಾದ್ಯವೃಂದದೊಡನೆ ಕೂಡಿದ ಬಗೆಯನ್ನು ಅರಿಯಲು 1977ರ ‘ಸನಾದಿ ಅಪ್ಪಣ್ಣ’ ಚಿತ್ರವು ತಕ್ಕ ಆಧಾರವೆಂದು ನಾವು ಭಾವಿಸುತ್ತೇವೆ. ಅದರ ಸಂಗೀತ ನಿರ್ದೇಶಕರು ಜಿ. ಕೆ. ವೆಂಕಟೇಶ್ (1927–1993), ಸನಾದಿ ನುಡಿಸಿದವರು ಸ್ವತಃ ಉಸ್ತಾದ್ ಬಿಸ್ಮಿಲ್ಲಾ ಖಾನರು.

ಇಲ್ಲಿಯ ತೊಡಕು ಸಾಮಾನ್ಯವಾದುದಲ್ಲ. ಸನಾದಿಯವನು ಉಸಿರು, ತುಟಿ, ಬೆರಳುಗಳಿಂದ ಸ್ವರದಿಂದ ಸ್ವರಕ್ಕೆ ಜಾರುತ್ತಾನೆ. ಆ ಕ್ಷಣದ ಮನೋಧರ್ಮವೇ ಅವನಿಗೆ ದಾರಿ. ಪಿಟೀಲುಗಳ ಗುಂಪಾದರೋ ಬರೆದಿಟ್ಟ ಸ್ವರಲಿಪಿಯನ್ನು ಅನುಸರಿಸಿ ಒಂದೇ ಕಮಾನಿನಂತೆ ಚಲಿಸಬೇಕು. ಗುಂಪು ದಟ್ಟವಾದರೆ ಮೀಂಡು ಮುಳುಗುತ್ತದೆ. ತೆಳುವಾದರೆ ಚಿತ್ರಮಂದಿರಕ್ಕೆ ಬೇಕಾದ ತುಂಬುತನ ಬಾರದು. ‘ಕರೆದರೂ ಕೇಳದೆ’ ಎಂಬ ಹಾಡಿನಲ್ಲಿ ಎಸ್. ಜಾನಕಿಯವರ ಕಂಠವೂ ಸನಾದಿಯೂ ಒಂದನ್ನೊಂದು ಕರೆದು ಓಗೊಡುತ್ತವೆ. ವೆಂಕಟೇಶರ ವೈಭವವು ಎಲ್ಲಿ ಹಿಂದೆ ಸರಿಯಬೇಕೆಂಬುದನ್ನು ಬಲ್ಲ ವೈಭವ.

(ರಾಜಕುಮಾರರ ಗಾಯನಕ್ಕೆ 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಹಾದಿ ತೆರೆದವರೂ ಇವರೇ, ಅದು ಸುಪರಿಚಿತ ವಿಷಯ.)

ವಿಚಾರಣೀಯವಾದ ಮತ್ತೊಂದು ಅಂಶವಿದೆ. ಇಳಯರಾಜರ ವಾದ್ಯಸಂಯೋಜನೆಯನ್ನು ಕೊಂಡಾಡುವವರು ಸಾಮಾನ್ಯವಾಗಿ 1976ರ ತಮಿಳು ಚಿತ್ರ ‘ಅನ್ನಕ್ಕಿಳಿ’ಯಿಂದ ಕಥೆಯನ್ನು ಆರಂಭಿಸುತ್ತಾರೆ. ಆದರೆ ಅದಕ್ಕೂ ಮೊದಲು ಅವರು ಮದರಾಸಿನಲ್ಲಿ ವೆಂಕಟೇಶರ ಸಹಾಯಕರಾಗಿದ್ದರು. ಕನ್ನಡ ಚಿತ್ರಗಳ ಧ್ವನಿಮುದ್ರಣಗಳಲ್ಲಿ ದುಡಿದಿದ್ದರು. ಪಾಶ್ಚಾತ್ಯ ಸ್ವರಲಿಪಿಯನ್ನು ಧನರಾಜ್ ಮಾಸ್ತರರಿಂದ ಕಲಿತರೆಂಬುದು ನಿಜ. ಆ ಕಲಿಕೆಯು ಕೆಲಸಕ್ಕೆ ಒದಗಿದ್ದು ಮಾತ್ರ ಇಂಥ ಧ್ವನಿಮುದ್ರಣಗಳಲ್ಲಿ. ಈ ವರ್ಷಗಳನ್ನು ಬಿಟ್ಟು ಬರೆದ ದಕ್ಷಿಣದ ಚಿತ್ರಸಂಗೀತದ ಇತಿಹಾಸವು ಅಪೂರ್ಣವೆಂದೇ ನಮ್ಮ ಅಭಿಪ್ರಾಯ. ವಿದ್ಯಾರ್ಥಿಗಳು ಆ ಕಾಲದ ಕನ್ನಡ ಮುದ್ರಿಕೆಗಳನ್ನು ಒಮ್ಮೆ ಗಾಯಕರನ್ನು ಮರೆತು, ಹಿನ್ನೆಲೆಯ ಪಿಟೀಲುಗಳನ್ನಷ್ಟೇ ಆಲಿಸಲಿ.