ಮಹಾನವಮಿಯ ಗೊಂಬೆಗಳು: ಮನೆತನದ ನೆನಪಿನ ಒಂದು ಪರಂಪರೆ

ನಾಡಿನ ಚರಿತ್ರೆಯನ್ನು ಬರೆಯುವವರಿಗೆ ಶಾಸನಗಳಿವೆ, ಓಲೆಗರಿಗಳಿವೆ, ಕಡತ ಬಖೈರುಗಳಿವೆ, ಪರದೇಶದ ಪ್ರವಾಸಿಗಳ ಬರಹಗಳಿವೆ. ಅರಸನ ದತ್ತಿ, ದಂಡನಾಯಕನ ಗೆಲುವು, ದೇವಾಲಯದ ಜೀರ್ಣೋದ್ಧಾರ ಮೊದಲಾದವು ಅವುಗಳಲ್ಲಿ ಉಳಿದು ಬಂದಿವೆ. ಆದರೆ ಒಂದು ಸಾಮಾನ್ಯ ಮನೆಯಲ್ಲಿ ಮೂರು ನಾಲ್ಕು ತಲೆಮಾರುಗಳ ಕಾಲ ನಡೆದ ಬದುಕನ್ನು ಯಾವ ಶಾಸನವೂ ಹೇಳುವುದಿಲ್ಲ. ಯಾವ ಸೊಸೆ ಯಾವ ಊರಿನಿಂದ ಬಂದಳು, ಅವಳು ತವರಿನಿಂದ ಏನನ್ನು ತಂದಳು, ಮನೆಯ ಮಕ್ಕಳು ಏನನ್ನು ಆಡುತ್ತಿದ್ದರು, ಬರಗಾಲದ ವರ್ಷದಲ್ಲಿ ಹಬ್ಬ ಹೇಗೆ ನಡೆಯಿತು ಎಂಬಂತಹ ಸಂಗತಿಗಳಿಗೆ ಬರಹದ ಆಧಾರ ದೊರೆಯುವುದು ವಿರಳ. ಹಳೆಯ ಪಂಚಾಂಗದ ಅಂಚಿನಲ್ಲಿ ಗುರುತು ಹಾಕಿದ ಮಗುವಿನ ಜನನಕಾಲ, ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟ ಮದುವೆಯ ವೆಚ್ಚ, ಬಹುಮಟ್ಟಿಗೆ ಇಷ್ಟೇ ಬರಹದಲ್ಲಿ ಉಳಿದುದು. ಮಿಕ್ಕುದನ್ನು ಉಳಿಸಿಕೊಂಡು ಬಂದವು ಮನೆಯ ಹಬ್ಬಗಳು. ಹಳೆಯ ಮೈಸೂರು ಸೀಮೆಯಲ್ಲಿ ಶರನ್ನವರಾತ್ರಿಯ ದಿನಗಳಲ್ಲಿ ಗೊಂಬೆ ಕೂರಿಸುವ ಪದ್ಧತಿಯನ್ನು ಪರಿಶೀಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಮಹಾನವಮಿಯ ರಾಜವೈಭವದ ಚರಿತ್ರೆ ಎಲ್ಲರಿಗೂ ತಿಳಿದುದೇ. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕನು ಅಲ್ಲಿಯ ಉತ್ಸವವನ್ನು ಕಂಡು ಬರೆದಿದ್ದಾನೆ. ಹದಿನಾರನೆಯ ಶತಮಾನದ ಪೂರ್ವಾರ್ಧದಲ್ಲಿ ಪೋರ್ಚುಗೀಸರಾದ ಪಾಯೆಸ್ ಮತ್ತು ನೂನಿಜರು ಒಂಬತ್ತು ದಿನಗಳ ಆಚರಣೆಯನ್ನು ವಿಸ್ತಾರವಾಗಿ ವರ್ಣಿಸಿದ್ದಾರೆ. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಆನೆ, ಕುದುರೆ, ಬೇಟೆಗಾರರು, ನರ್ತಕಿಯರು ಇಂದಿಗೂ ಸಾಲುಗೊಂಡಿದ್ದಾರೆ. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ಈ ಉತ್ಸವ ಮೈಸೂರು ಅರಸರ ಆಶ್ರಯದಲ್ಲಿ ಮುಂದುವರಿಯಿತು. ೧೬೪೮ರಲ್ಲಿ ರಚಿತವಾದ ಗೋವಿಂದ ವೈದ್ಯನ ‘ಕಂಠೀರವ ನರಸರಾಜ ವಿಜಯ’ ಎಂಬ ಸಾಂಗತ್ಯ ಕಾವ್ಯದಲ್ಲಿ ಶ್ರೀರಂಗಪಟ್ಟಣದ ಮಹಾನವಮಿಯ ವರ್ಣನೆ ದೊರೆಯುತ್ತದೆ. ೧೭೯೯ರ ಅನಂತರ ಮೈಸೂರು ಮತ್ತೆ ರಾಜಧಾನಿಯಾದಾಗ ಉತ್ಸವವೂ ಆ ಊರಿಗೆ ಬಂದಿತು. ಇದು ಬೀದಿಯಲ್ಲಿ ನಡೆದ ಹಬ್ಬ. ನೋಡಿದವರು ಬರೆದರು, ಬರೆದುದು ಉಳಿಯಿತು.

ಇದೇ ಒಂಬತ್ತು ದಿನಗಳಲ್ಲಿ ಮನೆಯ ನಡುಮನೆಯಲ್ಲಿ ನಡೆಯುತ್ತಿದ್ದ ಹಬ್ಬ ಇನ್ನೊಂದು ಬಗೆಯದು. ಮೈಸೂರು ಅರಮನೆಯಲ್ಲಿಯೂ ಗೊಂಬೆಗಳಿಗೆ ಮೀಸಲಾದ ಸ್ಥಳವಿತ್ತು. ಹಳೆಯ ಮರದ ಅರಮನೆ ೧೮೯೭ರಲ್ಲಿ ಬೆಂಕಿಗೆ ಆಹುತಿಯಾಗಿ, ೧೯೧೨ರಲ್ಲಿ ಪೂರ್ಣಗೊಂಡ ಈಗಿನ ಅರಮನೆಯಲ್ಲಿ ಗೊಂಬೆ ತೊಟ್ಟಿ ಎಂಬ ಭಾಗವಿರುವುದನ್ನು ಪ್ರವಾಸಿಗಳೆಲ್ಲರೂ ಕಾಣಬಹುದು. ಹತ್ತೊಂಬತ್ತನೆಯ ಶತಮಾನದ ಮತ್ತು ಇಪ್ಪತ್ತನೆಯ ಶತಮಾನದ ಆರಂಭದ ಗೊಂಬೆಗಳು ಅಲ್ಲಿವೆ. ಅರಮನೆಯ ತೊಟ್ಟಿಯಲ್ಲಿದ್ದುದು ಅಗ್ರಹಾರದ ಮನೆಯಲ್ಲಿಯೂ ಪೇಟೆಯ ವರ್ತಕನ ಮನೆಯಲ್ಲಿಯೂ ಗುಮಾಸ್ತೆಯ ಸಣ್ಣ ಮನೆಯಲ್ಲಿಯೂ ಅವರವರ ಶಕ್ತ್ಯನುಸಾರ ಇದ್ದಿತು. ಮೂರು, ಐದು, ಏಳು ಅಥವಾ ಒಂಬತ್ತು, ಹೀಗೆ ಬೆಸ ಸಂಖ್ಯೆಯ ಮೆಟ್ಟಿಲುಗಳನ್ನು ಹಲಗೆ ಪೆಟ್ಟಿಗೆಗಳಿಂದ ಕಟ್ಟಿ, ಬಿಳಿಯ ಬಟ್ಟೆ ಹಾಸಿ, ಮೇಲಿನ ಮೆಟ್ಟಿಲಲ್ಲಿ ಕಲಶವನ್ನೂ ಪಟ್ಟದ ಗೊಂಬೆಗಳನ್ನೂ ಇಡುವುದು ರೂಢಿ.

ಪಟ್ಟದ ಗೊಂಬೆ ಎಂದರೆ ಒಂದು ಗಂಡು ಒಂದು ಹೆಣ್ಣು, ರಾಜ ರಾಣಿಯರ ಜೋಡಿ. ಶೇಷಾಚಲದ ಬೆಟ್ಟಗಳಲ್ಲಿ ಬೆಳೆಯುವ ರಕ್ತಚಂದನದ ಮರದಲ್ಲಿ ಕಡೆದ ಈ ಜೋಡಿಯನ್ನು ತಿರುಪತಿಯ ಯಾತ್ರೆಗೆ ಹೋದವರು ತರುತ್ತಿದ್ದರು. ಮಗಳ ಮದುವೆಯಲ್ಲಿ ತವರಿನವರು ಇದನ್ನು ಅವಳ ಕೈಗೆ ಕೊಟ್ಟು ಕಳುಹಿಸುವುದು ಪದ್ಧತಿ. ವಧು ಇನ್ನೂ ಆಟದ ವಯಸ್ಸಿನ ಹುಡುಗಿಯಾಗಿರುತ್ತಿದ್ದ ಕಾಲದಲ್ಲಿ ಗಂಡನ ಮನೆಯಲ್ಲಿ ಅವಳಿಗೆ ಆಟಿಕೆಯೂ ಸಂಗಾತಿಯೂ ಆಗಲೆಂದು ಇದನ್ನು ಕೊಡುತ್ತಿದ್ದರೆಂದು ಹಿರಿಯರು ವಿವರಿಸುವುದುಂಟು. ಮೈಸೂರು ಸಂಸ್ಥಾನವು ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸಲು ೧೮೯೪ರಲ್ಲಿ ಕಾನೂನನ್ನೇ ಮಾಡಬೇಕಾಯಿತೆಂಬುದನ್ನು ಸ್ಮರಿಸಿದರೆ ಆ ವಿವರಣೆಯ ಹಿಂದಿರುವ ನೋವು ಅರ್ಥವಾಗುತ್ತದೆ. ಕಾನೂನಿನ ಪುಸ್ತಕದಲ್ಲಿ ಇರುವುದು ವಯಸ್ಸಿನ ಅಂಕಿ. ತವರನ್ನು ಬಿಟ್ಟು ಬಂದ ಮಗುವಿನ ಕೈಯಲ್ಲಿ ಇದ್ದದ್ದು ಈ ಮರದ ಜೋಡಿ. ಮುತ್ತಜ್ಜಿಯ ಜೋಡಿಯನ್ನು ಇಂದು ಅಲಂಕರಿಸುವ ಮರಿಮಗಳು ಆ ಎರಡನ್ನೂ ಒಟ್ಟಿಗೆ ತಿಳಿಯಬೇಕು. ಮನೆತನದ ನೆನಪಿನಲ್ಲಿ ಸಂತೋಷದ ಸಂಗತಿಗಳಷ್ಟೇ ಇರಬೇಕೆಂಬ ನಿಯಮವಿಲ್ಲ.

ಮೇಲಿನ ಮೆಟ್ಟಿಲುಗಳಲ್ಲಿ ದಶಾವತಾರ, ರಾಮಾಯಣ, ಶಿವಪಾರ್ವತಿಯರ ಗೊಂಬೆಗಳಿದ್ದರೆ, ಕೆಳಗಿನ ಮೆಟ್ಟಿಲುಗಳಲ್ಲಿ ನಿತ್ಯಜೀವನವೇ ಬಂದು ಕುಳಿತಿರುತ್ತದೆ. ಅಕ್ಕಿ ಬೇಳೆಗಳ ಪುಟ್ಟ ರಾಶಿಗಳ ಮುಂದೆ ಶೆಟ್ಟಿ ಶೆಟ್ಟಮ್ಮ, ಒರಳು, ಬೀಸುವ ಕಲ್ಲು, ಒಲೆ, ಕೊಡಪಾನ, ಜಟಕಾ ಗಾಡಿ, ಹಾವಾಡಿಗ, ವಾದ್ಯದವರು, ದಸರೆಯ ಮೆರವಣಿಗೆ ಇವುಗಳೆಲ್ಲ ಅಲ್ಲಿರುತ್ತವೆ. ಮೆಟ್ಟಿಲ ಮುಂದಿನ ನೆಲದಲ್ಲಿ ಮಣ್ಣು ಹರಡಿ, ರಾಗಿಯನ್ನೋ ಸಾಸಿವೆಯನ್ನೋ ಚೆಲ್ಲಿ ಮೊಳಕೆ ಬರಿಸಿ, ಮಕ್ಕಳು ಹೊಲ, ಕೆರೆ, ಉದ್ಯಾನಗಳನ್ನು ರಚಿಸುತ್ತಾರೆ. ಇಂದು ಅಡಿಗೆಮನೆಯಿಂದ ಮರೆಯಾಗಿರುವ ಬೀಸುವ ಕಲ್ಲನ್ನು ಪಟ್ಟಣದ ಅನೇಕ ಮಕ್ಕಳು ಮೊದಲು ಕಾಣುವುದು ಈ ಗೊಂಬೆಗಳ ನಡುವೆಯೇ.

ಪ್ರತಿ ವರ್ಷವೂ ಒಂದಾದರೂ ಹೊಸ ಗೊಂಬೆ ಸೇರಬೇಕೆಂಬ ವಾಡಿಕೆಯಿಂದಾಗಿ ಕಾಲದ ಬದಲಾವಣೆಯೂ ಮೆಟ್ಟಿಲುಗಳ ಮೇಲೆ ದಾಖಲಾಗುತ್ತ ಬಂದಿತು. ಎರಡು ಮಹಾಯುದ್ಧಗಳ ನಡುವಣ ಕಾಲದ ಜಪಾನಿನ ಸೆಲ್ಯುಲಾಯ್ಡ್ ಗೊಂಬೆ, ಸ್ವಾತಂತ್ರ್ಯಾನಂತರದ ಗಾಂಧೀಜಿ ನೆಹರೂ ಮೂರ್ತಿಗಳು, ಮನೆಯ ಹೆಂಗಸರು ಬಿಡುವಿನಲ್ಲಿ ಪೋಣಿಸಿದ ಮಣಿಯ ಆನೆ, ಮುಂದೆ ಪ್ಲಾಸ್ಟಿಕ್ಕಿನ ವಿಮಾನ, ಹೀಗೆ ಒಂದೊಂದೂ ತನ್ನ ಕಾಲವನ್ನು ಹೇಳುತ್ತದೆ. ಇವುಗಳ ಹಿಂದೆ ನಾಡಿನ ಕಾಯಕಜೀವಿಗಳ ಕೈಚಳಕವಿದೆ. ಚನ್ನಪಟ್ಟಣದ ಕುಶಲಿಗಳು ಹಾಲೆ ಮರವನ್ನು ಚರಕಿಗೆ ಕೊಟ್ಟು, ತಿರುಗುವ ಮರಕ್ಕೆ ಅರಗಿನ ಬಣ್ಣ ಹತ್ತಿಸಿ ಹೊಳಪು ಕೊಡುತ್ತಾರೆ. ಅವರಲ್ಲಿ ಅನೇಕ ಕುಟುಂಬಗಳು ಮುಸಲ್ಮಾನರವು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ಮೇಲೆ ಹುಣಿಸೆ ಬೀಜದ ಅಂಟಿನ ಲೇಪ ಕೊಟ್ಟು ಬಣ್ಣ ತುಂಬುತ್ತಾರೆ. ಒಂದು ಮನೆಯ ಹಬ್ಬದಲ್ಲಿ ಹಲವು ಊರು, ಹಲವು ಮತಗಳ ದುಡಿಮೆ ಕೂಡಿದೆ ಎಂಬುದು ಗಮನಾರ್ಹ.

ಆದರೆ ಗೊಂಬೆಗಳು ತಾವಾಗಿ ಮಾತನಾಡುವುದಿಲ್ಲ. ಅವುಗಳ ಚರಿತ್ರೆ ಇರುವುದು ಪೆಟ್ಟಿಗೆಯನ್ನು ತೆರೆಯುವ ಗಳಿಗೆಯಲ್ಲಿ. ಪಾಡ್ಯದ ಹಿಂದಿನ ದಿನ ಅಟ್ಟದಿಂದ ಪೆಟ್ಟಿಗೆ ಇಳಿಯುತ್ತದೆ. ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟ ಗೊಂಬೆಗಳನ್ನು ಮಕ್ಕಳು ಒಂದೊಂದಾಗಿ ಬಿಚ್ಚುತ್ತಾರೆ. ಇದು ಸೋದರತ್ತೆಯ ಮದುವೆಯ ವರ್ಷ ಬಂದದ್ದು, ಇದರ ಕೈ ಮುರಿದವನು ನಿನ್ನ ತಂದೆ, ಇದನ್ನು ಸುತ್ತಿದ ಬಟ್ಟೆ ಮುತ್ತಜ್ಜಿಯ ಸೀರೆಯದು ಎಂದು ಅಜ್ಜಿ ಹೇಳುತ್ತ ಹೋಗುತ್ತಾಳೆ. ಸಂಜೆ ನೆರೆಹೊರೆಯ ಮಕ್ಕಳು ಬಂದು ಹಾಡಿ ಗೊಂಬೆ ಬಾಗಿನದ ತಿಂಡಿಯನ್ನು ಪಡೆದು ಹೋಗುವಾಗ ಅದೇ ಕಥೆಗಳು ಮತ್ತೊಮ್ಮೆ ಹೊರಬರುತ್ತವೆ. ವಿಜಯದಶಮಿಯ ರಾತ್ರಿ ಒಂದು ಗೊಂಬೆಯನ್ನು ಮಲಗಿಸಿ, ಮರುದಿನ ಎಲ್ಲವನ್ನೂ ಸುತ್ತಿ ಪೆಟ್ಟಿಗೆಗೆ ಸೇರಿಸುತ್ತಾರೆ. ವರ್ಷಕ್ಕೊಮ್ಮೆ ಹೀಗೆ ತೆರೆದು ಓದಿ ಮುಚ್ಚುವ ಈ ಗ್ರಂಥಕ್ಕೆ ಮನೆಯ ಹೆಂಗಸರೇ ಕರ್ತೃಗಳು, ಅವರೇ ವ್ಯಾಖ್ಯಾನಕಾರರು. ಅಕ್ಷರ ಕಲಿಯುವ ಅವಕಾಶ ದೊರೆಯದ ತಲೆಮಾರುಗಳ ಸ್ತ್ರೀಯರು ಮನೆತನದ ಚರಿತ್ರೆಯನ್ನು ಕ್ರಮವಾಗಿ ಕಾಪಾಡಿಕೊಂಡು ಬಂದ ಮಾರ್ಗಗಳಲ್ಲಿ ಇದೂ ಒಂದು.

ಉತ್ತರ ಕರ್ನಾಟಕದ ಹಬ್ಬಗಳೊಡನೆ ಇದನ್ನು ಹೋಲಿಸಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. ಅಲ್ಲಿ ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡಿ ಕೂರಿಸುತ್ತಾರೆ. ಈ ಮೂರ್ತಿಗಳನ್ನು ಪೆಟ್ಟಿಗೆಯಲ್ಲಿ ಇಡುವುದಿಲ್ಲ. ಹಬ್ಬ ಮುಗಿದ ಮೇಲೆ ಮಣ್ಣು ಮಣ್ಣಿಗೆ, ನೀರು ನೀರಿಗೆ ಸೇರುತ್ತದೆ. ಉಳಿಯುವುದು ಎತ್ತಿನ ಹಿಣಿಲನ್ನು ಹೇಗೆ ತಿದ್ದಬೇಕೆಂದು ತಾಯಿಯಿಂದ ಮಗಳು ಕಲಿತ ಕೈಯ ಅರಿವು ಮಾತ್ರ. ದಸರೆಯ ದಿನ ಕಿರಿಯರು ಹಿರಿಯರಿಗೆ ಬನ್ನಿಯ ಎಲೆ ಕೊಟ್ಟು ಕಾಲಿಗೆರಗುವಾಗಲೂ ಹಾಗೆಯೇ. ಎಲೆ ಬಾಡುತ್ತದೆ, ವರ್ಷದ ಮನಸ್ತಾಪವನ್ನು ಮರೆತು ಮನೆಯಿಂದ ಮನೆಗೆ ಹೋದ ನೆನಪು ಬಾಡುವುದಿಲ್ಲ. ಒಂದು ಕಡೆ ವಸ್ತುವನ್ನು ಉಳಿಸಿ ನೆನಪನ್ನು ಕಾಯುವ ಪದ್ಧತಿ, ಇನ್ನೊಂದು ಕಡೆ ವಸ್ತುವನ್ನು ಬಿಟ್ಟುಕೊಟ್ಟು ಮತ್ತೆ ಮತ್ತೆ ಮಾಡುವುದರಿಂದ ನೆನಪನ್ನು ಕಾಯುವ ಪದ್ಧತಿ. ಎರಡರಲ್ಲಿಯೂ ಸಮಾನವಾದುದು ಕೂಡಿ ಮಾಡುವುದು. ನೆನಪಿನ ನೆಲೆ ಮರವೂ ಅಲ್ಲ, ಮಣ್ಣೂ ಅಲ್ಲ. ಹಿರಿಯರೂ ಕಿರಿಯರೂ ಒಂದೆಡೆ ಕುಳಿತು ಕೈಗೂಡಿಸುವ ಆ ಹೊತ್ತೇ ಅದರ ನೆಲೆ.

ಬೀದಿಯ ಹಬ್ಬವು ರಾಜ್ಯವ್ಯವಸ್ಥೆಯೊಡನೆ ಮಾರ್ಪಟ್ಟಿತು. ೧೯೭೧ರಲ್ಲಿ ಸಂವಿಧಾನದ ೨೬ನೆಯ ತಿದ್ದುಪಡಿಯಿಂದ ಅರಸರ ಪದವಿಯ ಮಾನ್ಯತೆಯೂ ರಾಜಧನವೂ ರದ್ದಾದವು. ಚಿನ್ನದ ಅಂಬಾರಿಯಲ್ಲಿ ಅರಸರು ಕುಳಿತಿರುತ್ತಿದ್ದ ಸ್ಥಳದಲ್ಲಿ ಚಾಮುಂಡೇಶ್ವರಿಯ ಮೂರ್ತಿ ನೆಲಸಿತು. ದಸರೆಯು ಸರ್ಕಾರ ನಡೆಸುವ ನಾಡಹಬ್ಬವಾಯಿತು. ಆದರೆ ಮನೆಯ ಮೆಟ್ಟಿಲುಗಳ ಮೇಲಿನ ರಾಜ ರಾಣಿಯರ ಪಟ್ಟಕ್ಕೆ ಯಾವ ಚ್ಯುತಿಯೂ ಬರಲಿಲ್ಲ. ಅವರು ಯಾವ ಸಂಸ್ಥಾನದ ಅರಸರೂ ಆಗಿರಲಿಲ್ಲ, ಆ ಮನೆಯ ಹೆಣ್ಣುಮಗಳ ತವರಿನ ಗುರುತಾಗಿದ್ದರು.

ಈ ಪರಂಪರೆಗೆ ಇಂದು ಒದಗಿರುವ ಆಪತ್ತು ಬೇರೆಯದು. ಅವಿಭಕ್ತ ಕುಟುಂಬಗಳು ಒಡೆದಿವೆ. ಅಟ್ಟವಿಲ್ಲದ ಮನೆಗಳು ಬಂದಿವೆ. ಮಕ್ಕಳು ದೂರದ ಊರುಗಳಲ್ಲಿ, ಪರದೇಶಗಳಲ್ಲಿ ನೆಲಸಿದ್ದಾರೆ. ಕೆಲವು ಮನೆಗಳಲ್ಲಿ ಪೆಟ್ಟಿಗೆ ವರ್ಷಗಟ್ಟಲೆ ತೆರೆಯುವುದಿಲ್ಲ. ಕಥೆ ಬಲ್ಲ ಹಿರಿಯಳು ತೀರಿಕೊಂಡ ಮೇಲೆ ತೆರೆದರೆ ಒಳಗಿರುವುದು ಬಣ್ಣ ಮಾಸಿದ ಮರದ ತುಂಡುಗಳು. ಅಂಗಡಿಯಿಂದ ಹೊಸ ಗೊಂಬೆಗಳ ಸಾಲನ್ನು ಒಂದೇ ದಿನದಲ್ಲಿ ಕೊಂಡು ಮೆಟ್ಟಿಲು ತುಂಬಿಸಬಹುದು. ಕೈ ಮುರಿದ ಗೊಂಬೆಯ ಕಥೆಯನ್ನು ಕೊಳ್ಳಲಾಗದು. ಮೆಟ್ಟಿಲುಗಳ ಚಿತ್ರ ತೆಗೆದು ದೂರದವರಿಗೆ ಕಳುಹಿಸುವ ಸೌಲಭ್ಯ ಈಗ ಎಲ್ಲರ ಕೈಯಲ್ಲಿದೆ, ಅದು ಒಳ್ಳೆಯದೇ. ಆದರೆ ಚಿತ್ರವು ಗೊಂಬೆಯ ರೂಪವನ್ನು ಹೇಳೀತೇ ಹೊರತು ಅದರ ಕಥೆಯನ್ನು ಹೇಳಲಾರದು.

ಇದಕ್ಕೆ ಪರಿಹಾರ ದೊಡ್ಡದೇನೂ ಅಲ್ಲ. ಪೆಟ್ಟಿಗೆ ತೆರೆಯುವ ದಿನ ಮನೆಯ ಹಿರಿಯರ ಪಕ್ಕದಲ್ಲಿ ಮಗುವೊಂದು ಪುಸ್ತಕ ಹಿಡಿದು ಕುಳಿತು, ಗೊಂಬೆ ಬಂದ ವರ್ಷ, ತಂದವರ ಹೆಸರು, ಕೇಳಿದ ಕಥೆ ಇಷ್ಟನ್ನು ಬರೆದಿಟ್ಟರೆ ಸಾಕು; ಆ ಪುಸ್ತಕವೂ ಅದೇ ಪೆಟ್ಟಿಗೆಯಲ್ಲಿ ಇರಲಿ. ಮಠಮಾನ್ಯಗಳ ಓಲೆಗರಿಗಳನ್ನು ಹುಡುಕಿ ಸಂಪಾದಿಸಿದ ವಿದ್ವಾಂಸರ ಶ್ರದ್ಧೆಯ ಒಂದಂಶವಾದರೂ ಮನೆಯ ಪೆಟ್ಟಿಗೆಗಳಿಗೆ ಸಲ್ಲಬೇಕು. ಸಾಹಿತ್ಯದ ವಿದ್ಯಾರ್ಥಿಗಳು ತಮ್ಮ ಮನೆಯಿಂದಲೇ ಈ ಕಾರ್ಯವನ್ನು ಆರಂಭಿಸಬಹುದು. ಹೇಳುವವರು ಇನ್ನೂ ಇರುವಾಗಲೇ ಕೇಳಿಕೊಳ್ಳಬೇಕಾದುದು ಮುಖ್ಯ. ಮುಂದಿನ ನವರಾತ್ರಿಗೆ ಗೊಂಬೆಗಳು ಪೆಟ್ಟಿಗೆಯಲ್ಲಿಯೇ ಇರುತ್ತವೆ, ಅಜ್ಜಿ ಇರುವಳೆಂಬ ನಿಶ್ಚಯವಿಲ್ಲ.