ಡಾಲ್ಡಾ ಡಬ್ಬಿಯೊಳಗಿನ ರಸಾಯನಶಾಸ್ತ್ರ



ವಯನಾಡಿನ ಚಳಿಗಾಲದಲ್ಲಿ ಬೆಳಗ್ಗೆ ಎದ್ದು ನೋಡಿದರೆ ತೆಂಗಿನೆಣ್ಣೆ ಸೀಸೆಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಅಕ್ಕಲಕೋಟೆಯಲ್ಲೋ ಜತ್ತಿನಲ್ಲೋ ಅಷ್ಟೇ ಚಳಿ ಬಿದ್ದರೂ ಕುಸುಬೆ ಎಣ್ಣೆ, ಮರಾಠಿಯಲ್ಲಿ ಕರಡಈ ಎನ್ನುತ್ತೀರಲ್ಲ ಅದು, ಸಲೀಸಾಗಿ ಹರಿಯುತ್ತದೆ. ಆದರೆ ಕುಸುಬೆ ಎಣ್ಣೆಯನ್ನು ತೆರೆದಿಟ್ಟು ಮರೆತರೆ ಕೆಲವು ದಿನಗಳಲ್ಲಿ ಪಾತ್ರೆಯ ಅಂಚಿಗೆ ಅಂಟು ಹಿಡಿಯುತ್ತದೆ. ತೆಂಗಿನೆಣ್ಣೆಗೆ ಆ ಅಂಟು ಬರುವುದಿಲ್ಲ. ರಾಯದುರ್ಗ, ಮಡಕಶಿರಾ ಸೀಮೆಯ ಕಡಲೆಕಾಯಿ ಎಣ್ಣೆ ಇವೆರಡರ ನಡುವಿನದು.

ಕಾರಣ ಇಂಗಾಲದಲ್ಲಿದೆ. ಇಂಗಾಲದ ಪ್ರತಿ ಪರಮಾಣುವಿಗೂ ನಾಲ್ಕು ಕೈಗಳಿವೆ ಎಂದುಕೊಳ್ಳಿ. ಎಣ್ಣೆಯ ಅಣುವಿನಲ್ಲಿ ಇಂತಹ ಪರಮಾಣುಗಳ ಉದ್ದನೆಯ ಸರಪಳಿ ಇರುತ್ತದೆ. ಪಕ್ಕದ ಇಂಗಾಲಕ್ಕೆ ಒಂದೊಂದೇ ಕೈ ಕೊಟ್ಟು, ಉಳಿದ ಕೈಗಳಲ್ಲೆಲ್ಲ ಜಲಜನಕ ಹಿಡಿದಿದ್ದರೆ ಅದು ಪರ್ಯಾಪ್ತ, ಅಂದರೆ ತುಂಬಿದ ಸರಪಳಿ. ಎಲ್ಲೋ ಒಂದು ಕಡೆ ಎರಡು ಇಂಗಾಲಗಳು ಜಲಜನಕ ಸಾಲದೆ ಪರಸ್ಪರ ಎರಡೆರಡು ಕೈ ಹಿಡಿದಿದ್ದರೆ ಅದು ಅಪರ್ಯಾಪ್ತ. ಆ ಎರಡನೆಯ ಹಿಡಿತ ಸಡಿಲ. ಹೊರಗಿನಿಂದ ಯಾರಾದರೂ ಬಂದರೆ ಬೇಗ ಬಿಟ್ಟುಕೊಡುತ್ತದೆ.

ಈ ವ್ಯತ್ಯಾಸ ಮೊದಲು ಕಣ್ಣಿಗೆ ಬಿದ್ದದ್ದು ಎಣ್ಣೆಯಲ್ಲಲ್ಲ, ಅನಿಲದಲ್ಲಿ. 1795ರ ಸುಮಾರಿಗೆ ಹಾಲೆಂಡಿನ ನಾಲ್ವರು ರಸಾಯನಜ್ಞರು ಇಂದು ನಾವು ಎಥಿಲೀನ್ ಎನ್ನುವ ಅನಿಲವನ್ನು ಕ್ಲೋರಿನ್ ಜೊತೆ ಬೆರೆಸಿದರು. ಎರಡು ಅನಿಲಗಳು ಕೂಡಿ ಎಣ್ಣೆಯಂಥ ದ್ರವವಾಯಿತು. ಹೀಗಾಗಿ ಆ ಅನಿಲಕ್ಕೆ ಎಣ್ಣೆ ಹುಟ್ಟಿಸುವ ಅನಿಲ ಎಂದೇ ಹೆಸರು ಬಿತ್ತು. ಸಡಿಲ ಹಿಡಿತ ಬಿಟ್ಟು ಕ್ಲೋರಿನ್ನನ್ನು ಹಿಡಿದುಕೊಂಡದ್ದು ಅಷ್ಟೆ, ಯಾರನ್ನೂ ಹೊರಗೆ ಹಾಕಲಿಲ್ಲ.

1830ರಲ್ಲಿ ರೈಶೆನ್‌ಬಾಖ್ ಎಂಬ ಜರ್ಮನ್ ವಿದ್ವಾಂಸ ಮರದ ಟಾರಿನಿಂದ ಬಿಳಿಯ ಮೇಣ ತೆಗೆದ. ಉಗ್ರ ಆಮ್ಲಕ್ಕೂ ಕ್ಷಾರಕ್ಕೂ ಅದು ಜಗ್ಗಲಿಲ್ಲ. ನೆಂಟಸ್ತನ ಕಡಿಮೆ ಎಂಬ ಅರ್ಥದ ಲ್ಯಾಟಿನ್ ಪದಗಳಿಂದ ಅದನ್ನು ಪ್ಯಾರಾಫಿನ್ ಎಂದು ಕರೆದ. ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು. ಹಾಗೆಂದು ಪರ್ಯಾಪ್ತ ಸರಪಳಿ ಕಲ್ಲಲ್ಲ. ಬೆಂಕಿ ಹಚ್ಚಿದರೆ ಉರಿಯುತ್ತದೆ. ಬಿಸಿಲಿನಲ್ಲಿ ಕ್ಲೋರಿನ್ ಅದರ ಮೇಲೂ ಕೆಲಸ ಮಾಡುತ್ತದೆ. ಆದರೆ ಅಲ್ಲಿ ಖಾಲಿ ಜಾಗವಿಲ್ಲ. ಒಂದು ಜಲಜನಕವನ್ನು ಎಬ್ಬಿಸಿದ ಮೇಲೆಯೇ ಕ್ಲೋರಿನ್ ಕೂರಬೇಕು.

ಹಾಗಾದರೆ ಅಪರ್ಯಾಪ್ತವನ್ನು ಜಲಜನಕದಿಂದಲೇ ತುಂಬಬಹುದಲ್ಲವೇ? ಬರಿದೆ ಬೆರೆಸಿದರೆ ಏನೂ ಆಗುವುದಿಲ್ಲ. 1897ರಲ್ಲಿ ಫ್ರಾನ್ಸಿನ ಪಾಲ್ ಸಬಾತಿಯೆ, ತಮ್ಮ ಸಹೋದ್ಯೋಗಿ ಸೆಂಡರೆನ್ಸ್ ಜೊತೆ, ನಿಕಲ್ ಲೋಹದ ನುಣ್ಣನೆಯ ಪುಡಿಯ ಮೇಲೆ ಎಥಿಲೀನನ್ನೂ ಜಲಜನಕವನ್ನೂ ಹಾಯಿಸಿದರು. ಎಥಿಲೀನ್ ಈಥೇನ್ ಆಯಿತು, ನಿಕಲ್ ನಿಕಲಾಗಿಯೇ ಉಳಿಯಿತು. ಸಬಾತಿಯೆಗೆ 1912ರಲ್ಲಿ ನೊಬೆಲ್ ಬಂತು. ಅಷ್ಟರೊಳಗೆ, 1902ರಲ್ಲಿಯೇ, ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್ ಇದೇ ಉಪಾಯವನ್ನು ದ್ರವರೂಪದ ಎಣ್ಣೆಗೆ ಅನ್ವಯಿಸಿ ಪೇಟೆಂಟ್ ಪಡೆದಿದ್ದ. ಹರಿಯುವ ಎಣ್ಣೆ ತುಪ್ಪದಂತೆ ಗಟ್ಟಿಯಾಯಿತು.

ನಮ್ಮ ದೇಶಕ್ಕೆ ಇಂತಹ ಗಟ್ಟಿ ಎಣ್ಣೆ ಮೊದಲು ಹಾಲೆಂಡಿನಿಂದ ಬರುತ್ತಿತ್ತು. 1937ರಲ್ಲಿ ಡಾಲ್ಡಾ ಪೇಟೆಗೆ ಬಂತು; ಹಳದಿ ಡಬ್ಬಿಯ ಮೇಲೆ ಮರದ ಚಿತ್ರ. ವನಸ್ಪತಿ ಎಂಬುದು ಸರಕಿನ ಹೆಸರಾದರೂ ಹಳ್ಳಿಗಳಲ್ಲಿ ಎಲ್ಲವೂ ಡಾಲ್ಡಾವೇ. ಡಬ್ಬಿ ಖಾಲಿಯಾದರೆ ಅದರಲ್ಲಿ ಹಿಟ್ಟು ತುಂಬಿದವರೂ ಉಂಟು, ತುಳಸಿ ನೆಟ್ಟವರೂ ಉಂಟು. ದೇಶದ ಕಾರ್ಖಾನೆಗಳಿಗೆ ಮುಖ್ಯವಾಗಿ ಹೋಗುತ್ತಿದ್ದುದು ಕಡಲೆಕಾಯಿ ಎಣ್ಣೆ.

ಜಗಳ ಹುಟ್ಟಿದ್ದು ತುಪ್ಪದ ಕಲಬೆರಕೆಯಿಂದ. ಕರಗಿಸಿ ಬೆರೆಸಿದರೆ ಕಣ್ಣಿಗೂ ಮೂಗಿಗೂ ಸುಲಭವಾಗಿ ಗೊತ್ತಾಗದು. ಗಾಂಧೀಜಿಯವರು 1946ರಲ್ಲಿ ಹರಿಜನ ಪತ್ರಿಕೆಯಲ್ಲಿ ವನಸ್ಪತಿಯ ವಿರುದ್ಧ ಬರೆದರು. ಸರ್ಕಾರ ಕಂಡುಕೊಂಡ ದಾರಿ ಜಾಣತನದ್ದು: ವನಸ್ಪತಿಗೆ ನೂರಕ್ಕೆ 5 ಪಾಲು ಎಳ್ಳೆಣ್ಣೆ ಬೆರೆಸಲೇಬೇಕೆಂದು ಕಡ್ಡಾಯ ಮಾಡಿತು. ಎಳ್ಳೆಣ್ಣೆಯಲ್ಲಿರುವ ಒಂದು ವಸ್ತು, ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಚಿಟಿಕೆ ಸಕ್ಕರೆ ಸೇರಿಸಿ ಕುಲುಕಿದರೆ, ಕೆಂಪು ಬಣ್ಣ ತರುತ್ತದೆ. ತುಪ್ಪ ಕೆಂಪಾದರೆ ವ್ಯಾಪಾರಿ ಸಿಕ್ಕಿಬಿದ್ದನೆಂದೇ ಲೆಕ್ಕ.

ಇದಕ್ಕಿಂತ ದೊಡ್ಡ ತೊಂದರೆಯನ್ನು ಯಾವ ಬಣ್ಣವೂ ತೋರಿಸಲಿಲ್ಲ. ಸರಪಳಿಯನ್ನು ಪೂರ್ತಿ ತುಂಬಿದರೆ ಎಣ್ಣೆ ಮೇಣದಷ್ಟು ಗಟ್ಟಿ, ಅಡುಗೆಗೆ ಬಾರದು. ಆದ್ದರಿಂದ ಕಾರ್ಖಾನೆಯವರು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಆ ಅರ್ಧದಾರಿಯಲ್ಲಿ ನಿಕಲ್ ಮೇಲೆ ಕೆಲವು ಜೋಡಿ ಹಿಡಿತಗಳು ಬಿಚ್ಚಿ, ಜಲಜನಕ ಸೇರದೆ ಮತ್ತೆ ಕಟ್ಟಿಕೊಳ್ಳುತ್ತವೆ. ಆದರೆ ತಿರುಚಿಕೊಂಡು. ಮೊದಲು ಬಾಗಿದ್ದ ಸರಪಳಿ ಈಗ ನೆಟ್ಟಗಾಗುತ್ತದೆ. ಇದೇ ಟ್ರಾನ್ಸ್ ಕೊಬ್ಬು. ಹೆಸರಿಗೆ ಅಪರ್ಯಾಪ್ತ, ನಡತೆ ಬೇರೆ. 1990ರಲ್ಲಿ ಮೆನ್ಸಿಂಕ್ ಮತ್ತು ಕಟಾನ್ ಎಂಬಿಬ್ಬರು ಸಂಶೋಧಕರು (ಇವರೂ ಹಾಲೆಂಡಿನವರೇ ನೋಡಿ) ಇದು ರಕ್ತದಲ್ಲಿ ಕೆಟ್ಟ ಕೊಲೆಸ್ಟೆರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆಂದು ತೋರಿಸಿದರು. ಡಾಲ್ಡಾ ಬಂದು ಅಷ್ಟರಲ್ಲಿ ಅರ್ಧ ಶತಮಾನ ಕಳೆದಿತ್ತು.

ಭಾರತದಲ್ಲಿ 2022ರ ಜನವರಿಯಿಂದ ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬು ನೂರಕ್ಕೆ 2 ಪಾಲು ಮೀರಬಾರದೆಂಬ ನಿಯಮ ಬಂದಿದೆ. ತಾನಾಗಿಯೇ ಅರೆಗಟ್ಟಿಯಾಗಿರುವ ತಾಳೆ ಎಣ್ಣೆ ಬಳಸುವುದು, ಪೂರ್ತಿ ತುಂಬಿದ ಗಟ್ಟಿ ಕೊಬ್ಬನ್ನು ತೆಳು ಎಣ್ಣೆಯೊಡನೆ ಕೂಡಿಸಿ ಹದ ಮಾಡುವುದು, ಇವು ಅರ್ಧದಾರಿಯಲ್ಲಿ ನಿಲ್ಲಿಸದೆಯೇ ಅದೇ ಮೆತ್ತನೆ ಪಡೆಯುವ ದಾರಿಗಳು.